ಮನೆಯಲ್ಲೇ ಕೆಂಪು ಮೆಣಸಿನ ಜೆಲ್ಲಿ, ಅದರಿಂದಲೇ ಒಂದು ವಿನೆಗ್ರೆಟ್ (ಸಲಾಡ್ ಡ್ರೆಸ್ಸಿಂಗ್)

ರೆಡ್ ಪೆಪ್ಪರ್ ಜೆಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಮನೆಯ ತಿನಿಸು. ಕೆಂಪು ಕ್ಯಾಪ್ಸಿಕಂ, ಒಂದಿಷ್ಟು ಖಾರದ ಮೆಣಸಿನಕಾಯಿ, ವಿನೆಗರ್, ಸಕ್ಕರೆ. ಇಷ್ಟನ್ನು ಕುದಿಸಿ, ಪೆಕ್ಟಿನ್ ಹಾಕಿ ಗಟ್ಟಿ ಮಾಡುತ್ತಾರೆ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕ್ರೀಮ್ ಚೀಸ್ ಮೇಲೆ ಇದನ್ನು ಧಾರಾಳವಾಗಿ ಸುರಿದು, ಪಕ್ಕಕ್ಕೆ ಉಪ್ಪಿನ ಕ್ರ್ಯಾಕರ್ ಇಟ್ಟು ಬಂದವರ ಮುಂದಿಡುವುದು ವಾಡಿಕೆ. ಸಿಹಿ, ಹುಳಿ, ಖಾರ ಮೂರೂ ಒಟ್ಟಿಗೆ ಬರುವ ರುಚಿ ನಮಗೇನೂ ಹೊಸದಲ್ಲ. ಅನಾನಸ್ ಗೊಜ್ಜು ಉಂಡು ಬೆಳೆದವರಿಗೆ ಇದು ಮೊದಲ ಚಮಚಕ್ಕೇ ಒಗ್ಗಿಬಿಡುತ್ತದೆ.

ಆದರೆ ಅಲ್ಲಿನ ರೆಸಿಪಿಯನ್ನು ಹಾಗೇ ತಂದು ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಮಾಡಿದರೆ ಕೆಡುವ ಸಂಭವ ಜಾಸ್ತಿ. ಒಂದೋ ನೀರುನೀರಾಗಿ ಉಳಿಯುತ್ತದೆ, ಇಲ್ಲವೇ ಹಲ್ಲಿಗೆ ಅಂಟಿಕೊಳ್ಳುವಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಕೈಗುಣವನ್ನು ದೂರಬೇಡಿ. ಮೂರು ಲೆಕ್ಕಗಳು ಇಲ್ಲಿಗೆ ಬಂದಾಗ ಬದಲಾಗುತ್ತವೆ: ವಿನೆಗರ್‌ನ ಹುಳಿ, ಊರಿನ ಎತ್ತರ, ಪೆಕ್ಟಿನ್ ಪುಡಿಯ ಶಕ್ತಿ. ಅದಕ್ಕೇ ಒಲೆ ಹಚ್ಚುವ ಮೊದಲು ಆ ಮೂರನ್ನು ನೋಡೋಣ. ಇವು ಸರಿಯಾದರೆ ಉಳಿದದ್ದು ಒಂದು ಗಂಟೆಯ ಕೆಲಸ.

ಜೆಲ್ಲಿ ಗಟ್ಟಿಯಾಗುವುದು ಯಾಕೆ

ಪೆಕ್ಟಿನ್ ಅಂದರೆ ಹಣ್ಣು, ತರಕಾರಿಗಳ ಜೀವಕೋಶದ ಗೋಡೆಯಲ್ಲಿರುವ ನಾರಿನ ಜಾತಿಯ ವಸ್ತು. ನೀರಿನಲ್ಲಿ ಸುಮ್ನೆ ಕರಗಿಸಿದರೆ ಅದು ಗಟ್ಟಿಯಾಗುವುದಿಲ್ಲ. ಅದರ ಎಳೆಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಜೊತೆಗೆ ಸುತ್ತ ನೀರನ್ನು ಹಿಡಿದುಕೊಂಡಿರುತ್ತವೆ. ಹುಳಿ ಸೇರಿದಾಗ ತಳ್ಳಾಟ ನಿಲ್ಲುತ್ತದೆ. ಸಕ್ಕರೆ ಸೇರಿದಾಗ ಅದು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಉಳಿದ ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಸಾಮಾನ್ಯ ಪೆಕ್ಟಿನ್‌ಗೆ ಎರಡು ಷರತ್ತುಗಳಿವೆ. ಪಾಕದ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 3ರ ಆಸುಪಾಸು ಇರಬೇಕು. ಸಕ್ಕರೆಯ ಅಂಶ ತೂಕದಲ್ಲಿ 60ರಿಂದ 65 ಶೇಕಡಾ ಮುಟ್ಟಬೇಕು. "ಸಕ್ಕರೆ ಜಾಸ್ತಿ ಆಯ್ತು, ಅರ್ಧ ಹಾಕೋಣ" ಅಂದುಕೊಂಡರೆ ಜೆಲ್ಲಿ ಕೂರುವುದೇ ಇಲ್ಲ. ಇಲ್ಲಿ ಸಕ್ಕರೆ ರುಚಿಗೆ ಮಾತ್ರ ಹಾಕುವ ವಸ್ತುವಲ್ಲ, ಹದ ಕೂರಿಸುವುದೂ ಅದೇ. ನಿಮ್ಮ ಇಷ್ಟಕ್ಕೆ ತಕ್ಕಂತೆ ಬದಲಾಯಿಸಬಹುದಾದದ್ದು ಖಾರ ಒಂದನ್ನೇ. ಸಕ್ಕರೆ ಮತ್ತು ವಿನೆಗರ್ ಅಳತೆಯನ್ನು ಮುಟ್ಟಬೇಡಿ.

ವಿನೆಗರ್ ಬಾಟಲಿಯ ಹಿಂದೆ ತಿರುಗಿಸಿ ಓದಿ

ಅಮೆರಿಕದ ಜೆಲ್ಲಿ ರೆಸಿಪಿಗಳಲ್ಲಿ ವಿನೆಗರ್ ಅಂದರೆ 5 ಶೇಕಡಾ ಅಸಿಟಿಕ್ ಆಮ್ಲ ಇರುವ ವಿನೆಗರ್. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳಿ ಸಿಂಥೆಟಿಕ್ ವಿನೆಗರ್ ಬಹುಪಾಲು 4 ಶೇಕಡಾ ಇರುತ್ತದೆ. ಇಲ್ಲಿನ ಆಹಾರ ನಿಯಮದ ಪ್ರಕಾರ ವಿನೆಗರ್‌ನಲ್ಲಿ ಕನಿಷ್ಠ 3.75 ಶೇಕಡಾ ಇದ್ದರೆ ಸಾಕು. ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಕ್ಯಾಪ್ಸಿಕಂನಲ್ಲಿ ಹುಳಿಯೇ ಇಲ್ಲ. ಮಾವಿನಕಾಯಿ ಜ್ಯಾಮ್ ಮಾಡುವಾಗ ಕಾಯಿಯೇ ಹುಳಿ ಕೊಡುತ್ತದೆ. ಇಲ್ಲಿ ಹುಳಿ ಬಹುಪಾಲು ವಿನೆಗರ್‌ನಿಂದಲೇ ಬರಬೇಕು.

ಹುಳಿ ಕಡಿಮೆಯಾದರೆ ಜೆಲ್ಲಿ ಕೂರದು ಅನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಪಿಎಚ್ 4.6ಕ್ಕಿಂತ ಮೇಲಿದ್ದರೆ, ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಪ್ರಾಣಕ್ಕೇ ಅಪಾಯ. ವಾಸನೆ, ಬಣ್ಣ ನೋಡಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲ.

ಪರಿಹಾರ ಸುಲಭ. ಲೇಬಲ್ ಮೇಲೆ 5 ಶೇಕಡಾ ಎಂದು ಬರೆದಿರುವ ಆಪಲ್ ಸೈಡರ್ ವಿನೆಗರ್ ಕೊಳ್ಳಿ, ರುಚಿಯೂ ಮೃದು. 4 ಶೇಕಡಾದ್ದೇ ಇದ್ದರೆ, 200 ಮಿಲಿ ಬದಲು 250 ಮಿಲಿ ಹಾಕಿ. ಆಮ್ಲದ ಲೆಕ್ಕ ಸರಿಹೋಗುತ್ತದೆ, ಹೆಚ್ಚಿನ ನೀರು ಕುದಿಯುವಾಗ ಆವಿಯಾಗುತ್ತದೆ. ಲೇಬಲ್ ಮೇಲೆ ಶೇಕಡಾ ಎಷ್ಟು ಎಂದೇ ಬರೆಯದ ಬಾಟಲಿಯನ್ನು ಈ ಕೆಲಸಕ್ಕೆ ಬಳಸಬೇಡಿ.

ನಿಮ್ಮ ಊರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?

ಜೆಲ್ಲಿ 105 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ ಎಂದು ಹೆಚ್ಚಿನ ರೆಸಿಪಿಗಳು ಹೇಳುತ್ತವೆ. ಈ ಸಂಖ್ಯೆ ಸಮುದ್ರಮಟ್ಟದ್ದು. ಅದರ ನಿಜವಾದ ಅರ್ಥ, ನೀರು ಕುದಿಯುವ ಬಿಂದುವಿಗಿಂತ ಸುಮಾರು 4.5 ಡಿಗ್ರಿ ಜಾಸ್ತಿ ಅಂತ. ಸಕ್ಕರೆ 65 ಶೇಕಡಾ ಆದಾಗ ಪಾಕ ಕುದಿಯುವುದು ಆ ಬಿಸಿಗೆ.

ಎತ್ತರಕ್ಕೆ ಹೋದ ಹಾಗೆ ಕುದಿಯುವ ಬಿಂದು ಇಳಿಯುತ್ತದೆ, 300 ಮೀಟರಿಗೆ ಅಂದಾಜು 1 ಡಿಗ್ರಿ. ಮಂಗಳೂರು, ಕಾರವಾರದಲ್ಲಿ ನೀರು 100ಕ್ಕೆ ಕುದಿಯುತ್ತದೆ. 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಹಾಗಾಗಿ ಮಂಗಳೂರಿನವರು 104.5ಕ್ಕೆ ಇಳಿಸಬೇಕು, ಬೆಂಗಳೂರಿನವರು 101.5ಕ್ಕೇ. ಬೆಂಗಳೂರಿನಲ್ಲಿ ಕೂತು 105 ಬರಲಿ ಅಂತ ಕಾದರೆ ಪಾಕದಲ್ಲಿ ಸಕ್ಕರೆ ಮುಕ್ಕಾಲು ಪಾಲು ಆಗಿರುತ್ತದೆ. ಆಮೇಲೆ ಚಮಚ ಇಳಿಯುವುದೂ ಕಷ್ಟ.

ಥರ್ಮಾಮೀಟರ್ ಇದ್ದರೆ ಹೀಗೆ ಮಾಡಿ. ಒಂದು ಪಾತ್ರೆ ನೀರು ಕುದಿಸಿ ಅದರಲ್ಲಿ ಅಳೆಯಿರಿ. ಎಷ್ಟು ತೋರಿಸುತ್ತದೋ ಅದಕ್ಕೆ 4.5 ಸೇರಿಸಿ. ಊರಿನ ಎತ್ತರ, ಥರ್ಮಾಮೀಟರಿನ ತಪ್ಪು ಎರಡೂ ಒಂದೇ ಏಟಿಗೆ ಸರಿಹೋಗುತ್ತವೆ. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆ ಬೇಡ, ತಣ್ಣನೆಯ ತಟ್ಟೆಯ ಪರೀಕ್ಷೆ ಇದೆ. ಅದನ್ನು ಮುಂದೆ ಹೇಳುತ್ತೇನೆ. ನನ್ನನ್ನು ಕೇಳಿದರೆ ಎರಡನ್ನೂ ಮಾಡಿ ಅನ್ನುತ್ತೇನೆ.

ಪೆಕ್ಟಿನ್: ಪ್ಯಾಕೆಟ್‌ನಲ್ಲಿ ಏನಿದೆ ನೋಡಿ

ಅಮೆರಿಕದಲ್ಲಿ ಸಿಗುವ ಶ್ಯೂರ್-ಜೆಲ್‌ನಂಥ ಡಬ್ಬಿಗಳಲ್ಲಿ ಬರೀ ಪೆಕ್ಟಿನ್ ಇರುವುದಿಲ್ಲ. ಜೊತೆಗೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ, ಒಂದಿಷ್ಟು ಆಮ್ಲ ಬೆರೆತಿರುತ್ತದೆ. ಅದಕ್ಕೇ ಅಲ್ಲಿನವರು 49 ಗ್ರಾಂನ ಇಡೀ ಡಬ್ಬಿ ಸುರಿಯುತ್ತಾರೆ. ನಮ್ಮಲ್ಲಿ ಬೇಕರಿ ಸಾಮಾನಿನ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವುದು ಹೆಚ್ಚಾಗಿ ಅಪ್ಪಟ ಪೆಕ್ಟಿನ್. ಅದನ್ನು ಅಷ್ಟೇ ಸುರಿದರೆ ಜೆಲ್ಲಿ ರಬ್ಬರ್ ಆಗುತ್ತದೆ.

ಕೊಳ್ಳುವಾಗ 'ಎಚ್‌ಎಂ' ಎಂದು ಬರೆದದ್ದನ್ನು ನೋಡಿ ಕೊಳ್ಳಿ, ಸಕ್ಕರೆ ಮತ್ತು ಹುಳಿಯಿಂದ ಗಟ್ಟಿಯಾಗುವ ಜಾತಿ ಅದು. 150 ಗ್ರೇಡ್ ಅಂತಲೂ ಬರೆದಿರುತ್ತದೆ. ಅಂದರೆ 1 ಗ್ರಾಂ ಪೆಕ್ಟಿನ್ 150 ಗ್ರಾಂ ಸಕ್ಕರೆಯನ್ನು ಗಟ್ಟಿ ಮಾಡಬಲ್ಲದು. ಮನೆಯಲ್ಲಿ ಅಳತೆ ಅತ್ತಿತ್ತ ಆಗುವುದರಿಂದ ಸ್ವಲ್ಪ ಹೆಚ್ಚು ಹಾಕುತ್ತೇವೆ. 600 ಗ್ರಾಂ ಸಕ್ಕರೆಗೆ 6 ಗ್ರಾಂ, ಅಂದರೆ ಸುಮಾರು ಎರಡು ಚಿಕ್ಕ ಚಮಚ. 'ಎಲ್‌ಎಂ' ಪೆಕ್ಟಿನ್ ಬೇರೆಯೇ ಜಾತಿ. ಅದು ಕ್ಯಾಲ್ಸಿಯಂ ಸೇರಿದರೆ ಗಟ್ಟಿಯಾಗುತ್ತದೆ, ಸಕ್ಕರೆ ಕಡಿಮೆ ಹಾಕುವವರಿಗೆ ಅದು. ಈ ರೆಸಿಪಿಗೆ ಬೇಡ. ಜೆಲಟಿನ್, ಅಗರ್ ಅಗರ್ ಕೂಡ ಬೇಡ. ಅವು ತಣ್ಣಗೆ ಕೂರುತ್ತವೆ ನಿಜ, ಆದರೆ ಬಾಯಲ್ಲಿ ಕರಗುವ ರೀತಿಯೇ ಬೇರೆ.

ಪೆಕ್ಟಿನ್ ಸಿಗದ ಊರಿನವರು ಸೀಬೆಕಾಯಿ ಬಳಸಬಹುದು. ಕೊನೆಗೆ ಅದಕ್ಕೊಂದು ಭಾಗ ಇಟ್ಟಿದ್ದೇನೆ.

ಯಾವ ಮೆಣಸಿನಕಾಯಿ?

ಜೆಲ್ಲಿಗೆ ಮೈಕಟ್ಟು ಕೊಡುವುದು ಕೆಂಪು ಕ್ಯಾಪ್ಸಿಕಂ. ದೊಣ್ಣೆ ಮೆಣಸು, ದಪ್ಪ ಮೆಣಸಿನಕಾಯಿ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಹಸಿರಾಗಿದ್ದಾಗ ಇರುವ ಒಗರು ಹಣ್ಣಾದಾಗ ಹೋಗಿ ಸಿಹಿಯಾಗುತ್ತದೆ. ಸಿಪ್ಪೆ ಬಿಗಿಯಾಗಿ, ಹೊಳಪಾಗಿ, ಕೈಗೆ ಭಾರವಾಗಿ ಇರಬೇಕು. ಸುಕ್ಕುಗಟ್ಟಿದ್ದು ಪಲ್ಯಕ್ಕೆ ಆದೀತು, ಜೆಲ್ಲಿಗೆ ಬೇಡ.

ಖಾರಕ್ಕೆ ಹಣ್ಣಾದ ಹಸಿಮೆಣಸಿನಕಾಯಿ ಬೇಕು. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಣ್ಣು ಮೆಣಸಿನಕಾಯಿ ಬರುವ ಕಾಲಕ್ಕೆ ಅವರ ಮನೆಯಲ್ಲಿ ಕೆಂಪಿಂಡಿ, ರಂಜಕ ಆಗಿಯೇ ಆಗುತ್ತದೆ. ಅದೇ ಮೆಣಸಿನಕಾಯಿಯಲ್ಲಿ ಒಂದು ಹಿಡಿ ಇದಕ್ಕೆ ಎತ್ತಿಟ್ಟುಕೊಳ್ಳಿ. ಮಲೆನಾಡಿನ ಸೂಜಿ ಮೆಣಸು ಹಾಕುವುದಾದರೆ ಎರಡು ಮೂರರಿಂದ ಶುರು ಮಾಡಿ. ಗಾತ್ರ ನೋಡಿ ಮೋಸ ಹೋಗಬೇಡಿ.

ಬಣ್ಣಕ್ಕೆ ಬ್ಯಾಡಗಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಗಾಢ, ಖಾರ ಕಡಿಮೆ. ಅದಕ್ಕೇ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳೂ ಇದನ್ನೇ ಹುಡುಕಿಕೊಂಡು ಬರುತ್ತವೆ. ಎರಡು ಮೂರು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ ಸೋಸಿಕೊಳ್ಳಿ. ಸೋಸುವುದನ್ನು ಬಿಡಬೇಡಿ. ಅದರ ಸಿಪ್ಪೆ ಗಟ್ಟಿ, ಜೆಲ್ಲಿಯಲ್ಲಿ ಹಲ್ಲಿಗೆ ಸಿಗುತ್ತದೆ. ಈ ಒಂದು ಹೆಜ್ಜೆ ಅಮೆರಿಕದ ರೆಸಿಪಿಯಲ್ಲಿ ಇಲ್ಲ. ಅಲ್ಲಿ ಎಷ್ಟೋ ಜನ ಬಾಟಲಿಯ ಕೆಂಪು ಬಣ್ಣ ಹಾಕುತ್ತಾರೆ. ನಮಗೆ ಅದರ ಗರಜು ಇಲ್ಲ.

ಖಾರ ಇರುವುದು ಬೀಜದಲ್ಲಿ ಅನ್ನುವ ನಂಬಿಕೆ ಇದೆ. ನಿಜವಾಗಿ ಜಾಸ್ತಿ ಖಾರ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ. ಖಾರ ತಗ್ಗಿಸಬೇಕೆಂದರೆ ಆ ಬಿಳಿ ಭಾಗವನ್ನು ಕೆರೆದು ತೆಗೆಯಿರಿ.

ಬೇಕಾಗುವ ಸಾಮಾನು

ಇದು 250 ಮಿಲಿಯ ಮೂರು ಬಾಟಲಿಗೆ ಸಾಲುವ ಅಳತೆ. ತೂಕದಲ್ಲಿ ಸುಮಾರು ಒಂದು ಕಿಲೋ ಜೆಲ್ಲಿ ಆಗುತ್ತದೆ.

- ಕೆಂಪು ಕ್ಯಾಪ್ಸಿಕಂ: ಬೀಜ ತೆಗೆದ ಮೇಲೆ 300 ಗ್ರಾಂ
- ಹಣ್ಣು ಮೆಣಸಿನಕಾಯಿ: 40 ಗ್ರಾಂ (ಮಕ್ಕಳೂ ತಿನ್ನುವುದಾದರೆ 15 ಗ್ರಾಂ)
- ಬ್ಯಾಡಗಿ ಮೆಣಸಿನಕಾಯಿ: 2 ಅಥವಾ 3
- 5 ಶೇಕಡಾ ವಿನೆಗರ್: 200 ಮಿಲಿ
- ಸಕ್ಕರೆ: 600 ಗ್ರಾಂ
- ಎಚ್‌ಎಂ ಪೆಕ್ಟಿನ್: 6 ಗ್ರಾಂ
- ನಿಂಬೆರಸ: 1 ದೊಡ್ಡ ಚಮಚ
- ಉಪ್ಪು: ಅರ್ಧ ಚಿಕ್ಕ ಚಮಚ
- ಬೆಣ್ಣೆ: ಕಡಲೆಕಾಳಿನಷ್ಟು, ನೊರೆ ಇಳಿಸಲು

ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹಾಕಬೇಡಿ. ಬೆಲ್ಲದ ಹುಳಿ, ತೇವಾಂಶ ಒಂದೊಂದು ಅಚ್ಚಿಗೆ ಒಂದೊಂದು ರೀತಿ. ಲೆಕ್ಕ ತಪ್ಪುತ್ತದೆ, ಕೆಂಪು ಬಣ್ಣವೂ ಕಂದಾಗುತ್ತದೆ.

ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ, ಹಿಂಡಾಲಿಯಂ, ತಾಮ್ರ, ಹಿತ್ತಾಳೆಗೆ ವಿನೆಗರ್ ಆಗಿಬರುವುದಿಲ್ಲ. ತಳ ದಪ್ಪ, ಬಾಯಿ ಅಗಲ, ಅಳತೆ ನಾಲ್ಕು ಲೀಟರಿಗೆ ಕಡಿಮೆ ಬೇಡ. ಒಂದು ಕಿಲೋ ಜೆಲ್ಲಿಗೆ ಇಷ್ಟು ದೊಡ್ಡ ಪಾತ್ರೆ ಯಾಕೆ ಅನ್ನಿಸಬಹುದು. ಸಕ್ಕರೆ ಕುದಿ ಬಂದಾಗ ಮೂರು ಪಟ್ಟು ಉಕ್ಕುತ್ತದೆ. ಉಕ್ಕಿದ ಪಾಕ ಒಲೆ ಮೇಲೆ ಬಿದ್ದರೆ ಉಜ್ಜುವ ಕೆಲಸ ಯಾರಿಗೂ ಬೇಡ, ಅಲ್ವಾ?

ಈಗ ಒಲೆಯ ಹತ್ತಿರ

*ಮೊದಲು ಬಾಟಲಿ.* ಗಾಜಿನ ಬಾಟಲಿಗಳನ್ನು ಸೋಪಿನಲ್ಲಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ. ಬಳಸುವವರೆಗೂ ಆ ಬಿಸಿನೀರಿನಲ್ಲೇ ಇರಲಿ. ತಣ್ಣಗಿನ ಗಾಜಿಗೆ ಕುದಿಯುವ ಪಾಕ ಸುರಿದರೆ ಒಡೆಯುತ್ತದೆ. ಫ್ರೀಜರ್‌ನಲ್ಲಿ ಎರಡು ಪಿಂಗಾಣಿ ತಟ್ಟೆ ಇಟ್ಟುಬಿಡಿ.

*ಹೆಚ್ಚುವುದು.* ಮೆಣಸಿನಕಾಯಿ ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ. ಇಲ್ಲದಿದ್ದರೆ ಮೊದಲೇ ಕೈಗೆ ಎಣ್ಣೆ ಸವರಿಕೊಳ್ಳಿ. ಖಾರದ ಅಂಶ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಕೈ ಉರಿ ಹತ್ತಿದರೂ ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕ್ಯಾಪ್ಸಿಕಂ ಮತ್ತು ಹಣ್ಣು ಮೆಣಸಿನಕಾಯಿಯನ್ನು ದೊಡ್ಡದಾಗಿ ಹೆಚ್ಚಿ, ಮಿಕ್ಸಿಯಲ್ಲಿ ಎರಡೆರಡು ಸೆಕೆಂಡು ಬಿಟ್ಟುಬಿಟ್ಟು ತಿರುಗಿಸಿ. ಸಾಸಿವೆ ಗಾತ್ರದ ಚೂರುಗಳಾಗಬೇಕು. ನುಣ್ಣಗೆ ರುಬ್ಬಿದರೆ ಜೆಲ್ಲಿ ಮಬ್ಬಾಗುತ್ತದೆ. ಚೂರು ದೊಡ್ಡದಾದರೆ ಬಾಟಲಿಯಲ್ಲಿ ಎಲ್ಲಾ ಮೇಲಕ್ಕೆ ತೇಲಿ ನಿಲ್ಲುತ್ತವೆ.

*ಮೊದಲ ಕುದಿ.* ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ವಿನೆಗರ್ ಆವಿಯ ಜೊತೆ ಮೆಣಸಿನ ಘಾಟು ಸೇರಿದರೆ ಇಡೀ ಮನೆ ಕೆಮ್ಮುತ್ತದೆ. ಪಾತ್ರೆಗೆ ಬಗ್ಗಿ ಮುಖ ಒಡ್ಡಬೇಡಿ. ಮೆಣಸಿನ ತರಿ, ಬ್ಯಾಡಗಿ ರಸ, ವಿನೆಗರ್, ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಕುದಿ ಬಂದ ಮೇಲೆ ಎಂಟು ಹತ್ತು ನಿಮಿಷ ಬೇಯಿಸಿ. ಮುಚ್ಚಳ ಅರ್ಧ ಮುಚ್ಚಿರಲಿ, ಹುಳಿ ಪೂರ್ತಿ ಹಾರಿಹೋಗಬಾರದು. ಈಗ ಒಂದು ಹನಿ ತಣ್ಣಗೆ ಮಾಡಿ ನಾಲಿಗೆಗೆ ಇಟ್ಟು ನೋಡಿ. ಖಾರ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಅನ್ನಿಸಬೇಕು. ಸಕ್ಕರೆ ಬಿದ್ದ ಮೇಲೆ ಅದು ಇಳಿಯುತ್ತದೆ. ಕಡಿಮೆ ಅನ್ನಿಸಿದರೆ ಒಂದೆರಡು ಮೆಣಸಿನಕಾಯಿ ಕೊಚ್ಚಿ ಸೇರಿಸಲು ಇದೇ ಸಮಯ.

*ಪೆಕ್ಟಿನ್.* ಪುಡಿಯನ್ನು ನೇರವಾಗಿ ಪಾತ್ರೆಗೆ ಹಾಕಿದರೆ ಗಂಟು ಕಟ್ಟುತ್ತದೆ. ಆ ಗಂಟು ಎಷ್ಟು ತಿರುವಿದರೂ ಒಡೆಯದು. 600 ಗ್ರಾಂ ಸಕ್ಕರೆಯಲ್ಲಿ ನಾಲ್ಕು ದೊಡ್ಡ ಚಮಚ ಬೇರೆ ತೆಗೆದು, ಅದರಲ್ಲಿ ಪೆಕ್ಟಿನ್ ಪುಡಿಯನ್ನು ಒಣದಾಗಿಯೇ ಚೆನ್ನಾಗಿ ಬೆರೆಸಿ. ಕುದಿಯುತ್ತಿರುವ ಮಿಶ್ರಣಕ್ಕೆ ಇದನ್ನು ಉದುರಿಸುತ್ತಾ ಕಡೆಗೋಲಿನಂಥ ವಿಸ್ಕ್‌ನಿಂದ ತಿರುವುತ್ತಾ ಹೋಗಿ. ಎರಡು ನಿಮಿಷ ಕುದಿಸಿ, ಪೆಕ್ಟಿನ್ ಪೂರ್ತಿ ಕರಗಲಿ. ಸಕ್ಕರೆಯೆಲ್ಲ ಬಿದ್ದ ಮೇಲೆ ಅದು ಕರಗುವುದು ಕಷ್ಟ. ಅದಕ್ಕೇ ಈ ಕ್ರಮ.

*ಎರಡನೇ ಕುದಿ.* ಉಳಿದ ಸಕ್ಕರೆ, ಬೆಣ್ಣೆ ಹಾಕಿ. ಸಕ್ಕರೆ ಕರಗುವವರೆಗೆ ಸಣ್ಣ ಉರಿ. ಪಾತ್ರೆಯ ಪಕ್ಕಕ್ಕೆ ಅಂಟಿದ ಸಕ್ಕರೆ ಹರಳನ್ನು ಒದ್ದೆ ಬ್ರಷ್‌ನಿಂದ ಒಳಗೆ ತಳ್ಳಿ, ಇಲ್ಲದಿದ್ದರೆ ಜೆಲ್ಲಿಯಲ್ಲಿ ಹರಳು ಕಟ್ಟುತ್ತದೆ. ಆಮೇಲೆ ಉರಿ ಪೂರ್ತಿ ಏರಿಸಿ. ತಿರುವಿದರೂ ಇಳಿಯದಷ್ಟು ಜೋರಾದ ಕುದಿ ಬರಬೇಕು. ಈಗ ಅಲ್ಲಿಂದ ಅಲುಗಾಡಬೇಡಿ, ಫೋನ್ ಬಂದರೆ ಬಾರಿಸಲಿ. ಒಲೆಯ ಉರಿ, ಪಾತ್ರೆಯ ಅಗಲ ನೋಡಿಕೊಂಡು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ.

*ಹದ ನೋಡುವುದು.* ನಿಮ್ಮ ಊರಿನ ಕುದಿಬಿಂದು ಜೊತೆಗೆ 4.5 ಡಿಗ್ರಿ ಬಂತಾ? ಉರಿ ಆರಿಸಿ. ಫ್ರೀಜರ್‌ನ ತಟ್ಟೆಯ ಮೇಲೆ ಅರ್ಧ ಚಮಚ ಪಾಕ ಹಾಕಿ, ಒಂದು ನಿಮಿಷ ಮತ್ತೆ ಫ್ರಿಜ್‌ನಲ್ಲಿಡಿ. ಹೊರತೆಗೆದು ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಹದ ಬಂದಿದೆ. ಹರಿದುಹೋದರೆ ಇನ್ನೆರಡು ನಿಮಿಷ ಕುದಿಸಿ, ಎರಡನೇ ತಟ್ಟೆಯಲ್ಲಿ ನೋಡಿ. ಪರೀಕ್ಷೆ ಮಾಡುವಾಗ ಒಲೆ ಆರಿರಲೇಬೇಕು. ಆ ಒಂದು ನಿಮಿಷದಲ್ಲೇ ಹದ ಮೀರಬಹುದು. ಪಾತ್ರೆಯಲ್ಲಿ ಪಾಕ ತೆಳ್ಳಗೇ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಕುದಿಸುತ್ತಾ ಹೋಗುವುದೇ ಜೆಲ್ಲಿ ಕೆಡಲು ದೊಡ್ಡ ಕಾರಣ.

*ತುಂಬುವುದು.* ನಿಂಬೆರಸ ಸೇರಿಸಿ, ನೊರೆ ಇದ್ದರೆ ತೆಗೆಯಿರಿ. ನೇರವಾಗಿ ಬಾಟಲಿಗೆ ಹಾಕದೆ ಐದು ನಿಮಿಷ ನಿಧಾನವಾಗಿ ತಿರುವುತ್ತಾ ಇರಿ. ಸ್ವಲ್ಪ ಮಂದವಾದ ಪಾಕದಲ್ಲಿ ಚೂರುಗಳು ಅಲ್ಲಲ್ಲೇ ನಿಲ್ಲುತ್ತವೆ. ಬಿಸಿ ಬಾಟಲಿಗೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ತುಂಬಿ, ಅಂಚು ಒರೆಸಿ, ಮುಚ್ಚಳ ಹಾಕಿ. ಪೂರ್ತಿ ತಣ್ಣಗಾಗುವವರೆಗೆ ಅಲ್ಲಾಡಿಸಬೇಡಿ. ಕೂರಲು ಒಂದು ದಿನ ಬೇಕಾಗಬಹುದು, ಒಮ್ಮೊಮ್ಮೆ ಎರಡು.

ಅಳತೆ ದುಪ್ಪಟ್ಟು ಮಾಡಬೇಡಿ. ಪಾಕ ಜಾಸ್ತಿಯಾದರೆ ಕುದಿಯುವ ಹೊತ್ತು ಜಾಸ್ತಿಯಾಗುತ್ತದೆ. ಹುಳಿಯಲ್ಲಿ ಬಹಳ ಹೊತ್ತು ಕುದ್ದ ಪೆಕ್ಟಿನ್ ಶಕ್ತಿ ಕಳೆದುಕೊಳ್ಳುತ್ತದೆ. ಆರು ಬಾಟಲಿ ಬೇಕಾದರೆ ಎರಡು ಸಲ ಮಾಡಿ.

ಎಲ್ಲಿ ಇಡುವುದು, ಎಷ್ಟು ದಿನ

ಫ್ರಿಜ್‌ನಲ್ಲೇ ಇಡಿ. ಒಂದು ತಿಂಗಳೊಳಗೆ ಮುಗಿಸಿ. ಹಳೆಯ ಜ್ಯಾಮ್ ಬಾಟಲಿಯ ಮುಚ್ಚಳ 'ಟಪ್' ಅಂದಿತು ಅಂತ ಹೊರಗಿಡುವ ಧೈರ್ಯ ಬೇಡ. ಬೂಷ್ಟು ಕಂಡರೆ ಮೇಲಿನದಷ್ಟೇ ತೆಗೆದು ತಿನ್ನುವ ಅಭ್ಯಾಸ ಬಿಡಿ, ಇಡೀ ಬಾಟಲಿ ಚೆಲ್ಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ತುಂಡಿನ ಮುಚ್ಚಳದ ಕ್ಯಾನಿಂಗ್ ಜಾರ್ ಸುಲಭವಾಗಿ ಸಿಗುತ್ತದೆ. ವರ್ಷಗಟ್ಟಲೆ ಹೊರಗಿಡುವ ಆಸೆಯಿದ್ದರೆ ಈ ನನ್ನ ಅಳತೆ ಬಳಸಬೇಡಿ. ಇದು ಫ್ರಿಜ್‌ಗೆ ಮಾಡಿದ್ದು. ಅಲ್ಲಿನ ನ್ಯಾಷನಲ್ ಸೆಂಟರ್ ಫಾರ್ ಹೋಮ್ ಫುಡ್ ಪ್ರಿಸರ್ವೇಷನ್ ಪರೀಕ್ಷಿಸಿ ಕೊಟ್ಟಿರುವ ರೆಸಿಪಿಗಳಿವೆ. ಅವುಗಳ ಅಳತೆ, ನೀರಿನಲ್ಲಿ ಕುದಿಸುವ ಸಮಯ ಎರಡನ್ನೂ ಚಾಚೂ ತಪ್ಪದೆ ಪಾಲಿಸಿ. ಅಲ್ಲೂ ಊರಿನ ಎತ್ತರಕ್ಕೆ ತಕ್ಕಂತೆ ಸಮಯ ಬದಲಾಗುತ್ತದೆ.

ಕೂರಲಿಲ್ಲವಾ?

ಎರಡು ದಿನ ಕಾದರೂ ನೀರಾಗಿಯೇ ಇದ್ದರೆ ಮತ್ತೆ ಪಾತ್ರೆಗೆ ಸುರಿಯಿರಿ. 2 ಗ್ರಾಂ ಪೆಕ್ಟಿನ್ ಅನ್ನು ಎರಡು ಚಮಚ ಸಕ್ಕರೆಯಲ್ಲಿ ಬೆರೆಸಿ, ಕಾಲು ಕಪ್ ನೀರಿನಲ್ಲಿ ಕುದಿಸಿ ಕರಗಿಸಿಕೊಳ್ಳಿ. ಒಂದು ಚಮಚ ನಿಂಬೆರಸದ ಜೊತೆ ಇದನ್ನು ಸೇರಿಸಿ, ಮತ್ತೆ ಜೋರಾಗಿ ಕುದಿಸಿ ಹದ ನೋಡಿ. ತೀರಾ ಗಟ್ಟಿಯಾಗಿದ್ದರೆ ಸ್ವಲ್ಪ ಬಿಸಿನೀರು ಹಾಕಿ ಕರಗಿಸಿದರೆ ಸಾಕು. ಮೇಲೆ ನೀರು ಬಿಟ್ಟುಕೊಂಡಿದ್ದರೆ ಹುಳಿ ಹೆಚ್ಚಾಗಿದೆ ಎಂದರ್ಥ, ತಿನ್ನಲು ಅಡ್ಡಿಯಿಲ್ಲ.

ನಿಜ ಹೇಳಬೇಕೆಂದರೆ ಅರೆಬರೆ ಕೂತ ಜೆಲ್ಲಿಯನ್ನು ಸರಿಮಾಡುವ ತಲೆನೋವೇ ಬೇಡ. ವಿನೆಗ್ರೆಟ್‌ಗೆ ಅದೇ ಒಳ್ಳೆಯದು, ಬೇಗ ಕರಗುತ್ತದೆ.

ಪೆಕ್ಟಿನ್ ಪುಡಿ ಇಲ್ಲದೆ, ಸೀಬೆಕಾಯಿಯಿಂದ

ಸೀಬೆಯಲ್ಲಿ ಪೆಕ್ಟಿನ್ ಧಾರಾಳ. ಆದರೆ ಹಣ್ಣು ಮೆತ್ತಗಾದಂತೆ ಅದು ಕಡಿಮೆಯಾಗುತ್ತದೆ. ಅದಕ್ಕೇ ಅರ್ಧ ಕಿಲೋ ದೋರೆಗಾಯಿ ಆರಿಸಿ. ಬಿಳಿ ತಿರುಳಿನದಾದರೆ ಬಣ್ಣಕ್ಕೆ ಅಡ್ಡಿಯಿಲ್ಲ. ಸಿಪ್ಪೆ, ಬೀಜ ಸಮೇತ ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಬೇಯಿಸಿ. ತೆಳು ಬಟ್ಟೆಯಲ್ಲಿ ಸುರಿದು ಗಂಟು ಕಟ್ಟಿ ನೇತುಹಾಕಿ. ರಸ ತಾನಾಗಿ ತೊಟ್ಟಿಕ್ಕಲಿ. ಹಿಂಡಿದರೆ ಮಬ್ಬಾಗುತ್ತದೆ.

ಪೆಕ್ಟಿನ್ ಸಾಕಷ್ಟು ಬಂದಿದೆಯಾ ಅಂತ ನೋಡಲು ಹಳೆಯ ಉಪಾಯ ಒಂದಿದೆ. ತಣ್ಣಗಾದ ಒಂದು ಚಮಚ ರಸಕ್ಕೆ ಮೆಡಿಕಲ್ ಶಾಪ್‌ನ ಸರ್ಜಿಕಲ್ ಸ್ಪಿರಿಟ್ ಮೂರು ಚಮಚ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಒಂದೇ ಗಡ್ಡೆಯಾಗಿ ಕಟ್ಟಿಕೊಂಡರೆ ಚೆನ್ನಾಗಿದೆ. ಚೂರುಚೂರಾದರೆ ರಸವನ್ನು ಇನ್ನಷ್ಟು ಬತ್ತಿಸಬೇಕು. ಸ್ಪಿರಿಟ್ ವಿಷ. ಅದನ್ನು ರುಚಿ ನೋಡಬೇಡಿ, ಕೂಡಲೇ ಸಿಂಕಿಗೆ ಚೆಲ್ಲಿ ಬಟ್ಟಲು ತೊಳೆಯಿರಿ.

ಸುಮಾರು 400 ಮಿಲಿ ರಸವನ್ನು ಕುದಿಸಿ 200 ಮಿಲಿಗೆ ಇಳಿಸಿ. ಮೇಲಿನ ರೆಸಿಪಿಯಲ್ಲಿ ಪೆಕ್ಟಿನ್ ಹಾಕುವ ಜಾಗದಲ್ಲಿ ಇದನ್ನು ಹಾಕಿ. ನಿಂಬೆರಸ ಎರಡು ಚಮಚ ಇರಲಿ. ನೀರು ಜಾಸ್ತಿ ಇರುವುದರಿಂದ ಎರಡನೇ ಕುದಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಪುಡಿ ಹಾಕಿದಷ್ಟು ಬಿಗಿಯಾಗಿ ಇದು ಕೂರುವುದಿಲ್ಲ. ಆದರೆ ಸೀಬೆಯ ಪರಿಮಳ ಖಾರದ ಹಿಂದೆ ತೆಳುವಾಗಿ ಬರುತ್ತದಲ್ಲ, ಅದಕ್ಕಾಗಿ ನನಗೆ ಇದೇ ಜಾಸ್ತಿ ಇಷ್ಟ.

ವಿನೆಗ್ರೆಟ್

ವಿನೆಗ್ರೆಟ್ ಫ್ರಾನ್ಸ್‌ನಿಂದ ಬಂದ ಸಲಾಡ್ ಡ್ರೆಸ್ಸಿಂಗ್. ಅಲ್ಲಿನ ರೂಢಿಯ ಅಳತೆ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್. ಜೆಲ್ಲಿ ಹಾಕುವಾಗ ಅಷ್ಟು ಎಣ್ಣೆ ಬೇಡ. ವಿನೆಗರ್‌ನ ಚುರುಕನ್ನು ತಗ್ಗಿಸುವುದಕ್ಕೆ ಜೆಲ್ಲಿಯ ಸಿಹಿ ಇದ್ದೇ ಇದೆ. ಎರಡೂವರೆಗೆ ಒಂದು ಸಾಕು.

- ಕೆಂಪು ಮೆಣಸಿನ ಜೆಲ್ಲಿ: 2 ದೊಡ್ಡ ಚಮಚ
- ವಿನೆಗರ್: 2 ದೊಡ್ಡ ಚಮಚ (ಅರ್ಧ ವಿನೆಗರ್, ಅರ್ಧ ನಿಂಬೆರಸ ಆದರೂ ಸರಿ)
- ಸಾಸಿವೆ ಪೇಸ್ಟ್: 1 ಚಿಕ್ಕ ಚಮಚ
- ಬೆಳ್ಳುಳ್ಳಿ: ಜಜ್ಜಿದ ಒಂದು ಸಣ್ಣ ಎಸಳು
- ಉಪ್ಪು: ಕಾಲು ಚಿಕ್ಕ ಚಮಚ
- ಎಣ್ಣೆ: 5 ದೊಡ್ಡ ಚಮಚ

ಜೆಲ್ಲಿ ಹಾಕಿದ ಬಟ್ಟಲನ್ನು ಬಿಸಿನೀರಿನ ಮೇಲೆ ಒಂದು ನಿಮಿಷ ಇಟ್ಟು ಸಡಿಲ ಮಾಡಿಕೊಳ್ಳಿ. ವಿನೆಗರ್, ಉಪ್ಪು, ಸಾಸಿವೆ, ಬೆಳ್ಳುಳ್ಳಿ ಸೇರಿಸಿ ಕಲಸಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಅದಕ್ಕೇ ಮೊದಲು ವಿನೆಗರ್‌ನಲ್ಲಿ ಹಾಕುವುದು. ಆಮೇಲೆ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ನಂತರ ತೆಳು ಧಾರೆಯಾಗಿ ಸುರಿಯುತ್ತಾ ಬಿಡದೆ ವಿಸ್ಕ್ ಮಾಡಿ. ಎಣ್ಣೆ ಸಣ್ಣ ಹನಿಗಳಾಗಿ ಒಡೆದು, ಮಂದವಾಗಿ ಬೆರೆತುಕೊಳ್ಳುತ್ತದೆ. ಹನಿಗಳು ಮತ್ತೆ ಒಂದಾಗದಂತೆ ತಡೆಯುವುದು ಸಾಸಿವೆ. ಜೆಲ್ಲಿಯ ಪೆಕ್ಟಿನ್ ಕೂಡ ಅದೇ ಕೆಲಸಕ್ಕೆ ಕೈಜೋಡಿಸುತ್ತದೆ. ಬರೀ ಎಣ್ಣೆ, ವಿನೆಗರ್ ಬೆರೆಸಿದ್ದು ನಿಮಿಷಗಳಲ್ಲಿ ಬೇರೆಯಾದರೆ, ಇದು ಸಾಕಷ್ಟು ಹೊತ್ತು ನಿಲ್ಲುತ್ತದೆ. ತಾಳ್ಮೆ ಇಲ್ಲದ ದಿನ ಎಲ್ಲವನ್ನೂ ಮುಚ್ಚಳದ ಬಾಟಲಿಗೆ ಹಾಕಿ ಜೋರಾಗಿ ಕುಲುಕಿದರೂ ನಡೆಯುತ್ತದೆ.

ಸಾಸಿವೆ ಪೇಸ್ಟ್ ಕೊಳ್ಳಲೇಬೇಕಂತಿಲ್ಲ. ಎರಡು ಚಮಚ ಸಾಸಿವೆ ರಾತ್ರಿ ನೆನೆಸಿ, ತಣ್ಣೀರು ಹಾಕಿ ರುಬ್ಬಿ, ಹತ್ತು ನಿಮಿಷ ಬಿಟ್ಟು ವಿನೆಗರ್, ಉಪ್ಪು ಸೇರಿಸಿ. ಸಾಸಿವೆಯ ಘಾಟು ಹುಟ್ಟುವುದು ಆ ಹತ್ತು ನಿಮಿಷದಲ್ಲಿ. ಹುಳಿ ಬಿದ್ದ ಕೂಡಲೇ ಅದು ಬೆಳೆಯುವುದು ನಿಲ್ಲುತ್ತದೆ.

ಎಣ್ಣೆ ಯಾವುದು? ಆಲಿವ್ ಎಣ್ಣೆ ರೂಢಿ. ಸೂರ್ಯಕಾಂತಿ ಎಣ್ಣೆಗೆ ತನ್ನದೇ ರುಚಿ ಇಲ್ಲ, ಹಾಗಾಗಿ ಮೆಣಸು ಎದ್ದು ಕಾಣುತ್ತದೆ. ಗಾಣದ ಕಡಲೆಕಾಯಿ ಎಣ್ಣೆಗೆ ಗಮಗಮ ಜಾಸ್ತಿ. ಅರ್ಧ ಅದು, ಅರ್ಧ ಸೂರ್ಯಕಾಂತಿ ಹಾಕಿದರೆ ಬಹಳ ಚೆನ್ನಾಗಿರುತ್ತದೆ. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಗೆ ಹಾಕಿ ತಿರುಗಿಸಬೇಡಿ, ಕಹಿಯಾಗುತ್ತದೆ. ಕೈಯಲ್ಲೇ ಕಲಸಿ.

ಬಾಡಿಹೋಗುವ ಮೃದು ಸೊಪ್ಪಿಗಿಂತ ಗಟ್ಟಿ ತರಕಾರಿಗೆ ಈ ಡ್ರೆಸ್ಸಿಂಗ್ ಒಪ್ಪುತ್ತದೆ. ತೆಳ್ಳಗೆ ಹೆಚ್ಚಿದ ಎಲೆಕೋಸು ಮತ್ತು ಕ್ಯಾರೆಟ್, ಬೇಯಿಸಿದ ಬೀಟ್‌ರೂಟ್, ಸುಟ್ಟ ಗೆಣಸು, ತವಾ ಮೇಲೆ ಕೆಂಪಗೆ ಮಾಡಿದ ಪನೀರ್. ಬೇಯಿಸಿದ ಹಸಿ ಕಡಲೆಕಾಯಿ ಬೀಜಕ್ಕೆ ಈರುಳ್ಳಿ, ಕೊತ್ತಂಬರಿ ಜೊತೆ ಇದನ್ನು ಕಲಸಿದರೆ ಬಟ್ಟಲು ಖಾಲಿಯಾಗುವುದು ಗೊತ್ತಾಗುವುದಿಲ್ಲ. ಸೌತೆಕಾಯಿಗೆ ಹಾಕುವುದಾದರೆ ತಿನ್ನುವ ಹೊತ್ತಿಗೇ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಕೋಸಂಬರಿಗೆ ಮಾತ್ರ ಇದನ್ನು ಹಾಕಬೇಡಿ ಅಂತ ನನ್ನ ಕಳಕಳಿಯ ವಿನಂತಿ. ಅದಕ್ಕೆ ನಿಂಬೆರಸ, ಸಾಸಿವೆ ಇಂಗಿನ ಒಗ್ಗರಣೆ ಇದೆ, ಅಷ್ಟೇ ಸಾಕು.

ಜೆಲ್ಲಿಯನ್ನು ನೇರವಾಗಿಯೂ ತಿನ್ನಬಹುದು. ಕ್ರೀಮ್ ಚೀಸ್ ಬದಲು, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿಗೆ ಚಿಟಿಕೆ ಉಪ್ಪು ಹಾಕಿ ಅದರ ಮೇಲೆ ಸುರಿಯಿರಿ. ಮದ್ದೂರು ವಡೆಗೂ ಇದು ಚೆನ್ನಾಗಿ ಹೊಂದುತ್ತದೆ. ಕೋಳಿ ಹುರಿಯುವವರು ಕೊನೆಯ ಎರಡು ನಿಮಿಷದಲ್ಲಿ ಸವರಲಿ. ಮೊದಲೇ ಸವರಿದರೆ ಸಕ್ಕರೆ ಸೀದುಹೋಗುತ್ತದೆ.

ಹಸಿ ಬೆಳ್ಳುಳ್ಳಿ ಇರುವುದರಿಂದ ವಿನೆಗ್ರೆಟ್ ಅನ್ನು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಬೆಳ್ಳುಳ್ಳಿ ಸೇರಿದ ಎಣ್ಣೆಯನ್ನು ಹೊರಗಿಡುವುದು ಯಾವತ್ತೂ ಸರಿಯಲ್ಲ. ಆಲಿವ್ ಎಣ್ಣೆ ಹಾಕಿದ್ದರೆ ಫ್ರಿಜ್‌ನಲ್ಲಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಅದು ಕೆಟ್ಟಿಲ್ಲ. ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಹೊರಗಿಟ್ಟು, ಕುಲುಕಿ ಬಡಿಸಿ.